ತಕರಾರು ಮೇಸ್ತ್ರಿಯ ಸ್ವಂತ ಅಭಿಪ್ರಾಯ

ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆ ಹೇಳಲೇಬಾರದ ಮಾತು ಒಂದಿದ್ದರೆ ಅದು "ಹೆದರಬೇಡಿ" ಅನ್ನುವುದು. ಹಾಗಂದ ಕೂಡಲೇ, ಓಹೋ, ಇಲ್ಲಿ ಹೆದರುವಂಥದ್ದು ಏನೋ ಇದೆ ಎಂದು ಅವರಿಗೆ ಖಾತ್ರಿಯಾಗಿಬಿಡುತ್ತದೆ. ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿದ ಹೊಸತರಲ್ಲೇ ಮೇಸ್ತ್ರಿ ಇದನ್ನು ಕಂಡುಕೊಂಡಿದ್ದ. ಆಗ ಅವನಿಗೆ ಮೀಸೆ ಕಪ್ಪಗಿತ್ತು, ಮೊಣಕಾಲು ಗಟ್ಟಿಯಿತ್ತು, ಮತ್ತು ಯಾವುದೇ ವಿಷಯದ ಮೇಲೆ ಹೇಳಿಕೊಳ್ಳುವಂಥ ಅಭಿಪ್ರಾಯ ಇರಲಿಲ್ಲ.

ಒಂದು ದಿನ ಬಟ್ಟೆ ವ್ಯಾಪಾರಿಯೊಬ್ಬ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬಾಗಿಲು ಬಡಿದು ರಂಪ ಮಾಡುತ್ತಿದ್ದ. ಮೇಸ್ತ್ರಿ ತಾರಸಿಯ ಮೇಲಿನ ಮೆಷಿನ್ ರೂಮಿನಿಂದ, ಲಿಫ್ಟಿನೊಳಗೆ ಕೇಳುವಂತೆ ಗೋಡೆಗೆ ಹಾಕಿದ ಮಾತಿನ ಡಬ್ಬಿಯಲ್ಲಿ, "ಹೆದರಬೇಡಿ ಸಾರ್" ಅಂದ. ವ್ಯಾಪಾರಿ ಅಳುವುದಕ್ಕೇ ಶುರುಮಾಡಿದ. ಇನ್ನೇನು ಹೇಳುವುದೆಂದು ತೋಚದೆ ಮೇಸ್ತ್ರಿ ಬಾಯಿಗೆ ಬಂದದ್ದನ್ನು ಹೇಳಿದ: "ಮೊನ್ನೆ ಒಂದು ಸಿನಿಮಾ ನೋಡಿದೆ ಸಾರ್. ಒಬ್ಬ ಕಾಲಯಂತ್ರದಲ್ಲಿ ಕೂತು ಹಿಂದಕ್ಕೆ ಹೋಗಿ ತನ್ನ ತಾತನ ಮದುವೇಲಿ ಊಟ ಮಾಡ್ಕೊಂಡು ಬರ್ತಾನೆ. ನನ್ನ ಕೇಳಿದ್ರೆ ಅದು ಸಾಧ್ಯ. ಕರೆಂಟ್ ಸರಿಯಾಗಿರ್ಬೇಕು ಅಷ್ಟೆ."

ಬಾಗಿಲು ಬಡಿಯುವ ಸದ್ದು ನಿಂತಿತು. ಕೆಳಗಿನಿಂದ ಮೂಗೊರೆಸಿಕೊಂಡ ದನಿ ಬಂತು. "ಏನ್ರೀ ಹೇಳ್ತಾ ಇದೀರಾ? ತಲೆ ಸರಿಯಿದೆಯೇನ್ರೀ ನಿಮಗೆ?"

"ಯಾಕೆ ಸಾರ್, ಮುಂದಕ್ಕೆ ಹೋಗೋಕಾದ್ರೆ ಹಿಂದಕ್ಕೆ ಯಾಕಾಗಲ್ಲ?"

ಲಿಫ್ಟು ಮಹಡಿಯ ಮಟ್ಟಕ್ಕೆ ಬರುವಷ್ಟರಲ್ಲಿ ವ್ಯಾಪಾರಿ ಕಾಲ ಎಂದರೇನು, ಅದು ಯಾಕೆ ಒಂದೇ ದಿಕ್ಕಿಗೆ ಹರಿಯುತ್ತದೆ ಎಂದು ತನಗೆ ಗೊತ್ತಿದ್ದನ್ನೂ ಗೊತ್ತಿಲ್ಲದ್ದನ್ನೂ ಸೇರಿಸಿ ಪಾಠ ಮಾಡುತ್ತಿದ್ದ. ಹೊರಗೆ ಬಂದಾಗ ಮುಖ ಕೆಂಪಾಗಿತ್ತಂತೆ, ಆದರೆ ಭಯದಿಂದಲ್ಲ. ಸಿಟ್ಟು ಬಂದವನಿಗೆ ಹೆದರುವುದಕ್ಕೆ ಪುರಸೊತ್ತಿರುವುದಿಲ್ಲ ಅನ್ನುವುದು ಮೇಸ್ತ್ರಿಗೆ ಅಂದು ಹೊಳೆಯಿತು. ಮುಂದೆ ಅವನು ಅದನ್ನೇ ಕಸುಬು ಮಾಡಿಕೊಂಡ.

ಇಲ್ಲಿ ಅವನ ಕೆಲಸದ ರೀತಿಯನ್ನು ಹೇಳಿಬಿಡಬೇಕು. ಲಿಫ್ಟು ನಡುವೆ ನಿಂತರೆ ಅವನು ಮೆಟ್ಟಿಲು ಹತ್ತಿ ತಾರಸಿಗೆ ಹೋಗಬೇಕು. ಮೆಷಿನ್ ರೂಮಿನಲ್ಲಿ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಆಮೇಲೆ ಒಂದು ಕೈಯಲ್ಲಿ ಬ್ರೇಕಿನ ಹಿಡಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ದೊಡ್ಡ ಚಕ್ರವನ್ನು ಇಷ್ಟಿಷ್ಟೇ ತಿರುಗಿಸಬೇಕು. ಉಕ್ಕಿನ ಹಗ್ಗದ ಮೇಲೆ ಹಳದಿ ಬಣ್ಣದ ಗುರುತುಗಳಿರುತ್ತವೆ. ಗುರುತು ಸರಿಯಾಗಿ ಬಂದು ಕೂತರೆ ಲಿಫ್ಟು ಮಹಡಿಗೆ ಸಮ ನಿಂತಿದೆ ಎಂದು ಅರ್ಥ. ಆಗ ಕೆಳಗಿರುವ ವಾಚ್‌ಮನ್ ಕೀಲಿ ಹಾಕಿ ಬಾಗಿಲು ತೆಗೆಯುತ್ತಾನೆ. ಜನ ಹೊರಗೆ ಬರುವ ತನಕ ಮೇಸ್ತ್ರಿ ಮೇಲೆಯೇ ಇರಬೇಕು, ಅದು ನಿಯಮ. ಎಲ್ಲವನ್ನೂ ಮೊದಲಿನಂತೆ ಮಾಡಿ ಅವನು ಇಳಿದು ಬರುವ ಹೊತ್ತಿಗೆ ಸಿಕ್ಕಿಬಿದ್ದವರು ಮನೆ ಸೇರಿ ಕಾಲು ತೊಳೆದಿರುತ್ತಾರೆ. ಹೀಗಾಗಿ ಅವನ ದನಿ ಪರಿಚಯವಿರುವ ಜನ ಬೇಕಾದಷ್ಟಿದ್ದರೂ ಮುಖ ನೋಡಿದವರು ಇಲ್ಲವೇ ಇಲ್ಲ ಅನ್ನಬಹುದು. ಬ್ಯಾಟರಿಯ ಮೇಲೆ ನಡೆಯುವ ಆ ಡಬ್ಬಿಯಿಂದ ಬಂದದ್ದು ಎಂಥ ದಡ್ಡನ ದನಿಯಪ್ಪಾ ಎಂದು ಅವರೆಲ್ಲ ಅಂದುಕೊಂಡಿರುತ್ತಾರೆ, ಅಷ್ಟೇ.

ಯಾರಿಗೆ ಯಾವ ಅಭಿಪ್ರಾಯ ಎಂಬುದರಲ್ಲಿ ಅವನ ಕೈ ಪಳಗಿತು. ಕಾಲೇಜು ಹುಡುಗರು ಸಿಕ್ಕಿಬಿದ್ದರೆ, "ಗೇಮ್ ಆಡೋದು ಅಂದ್ರೆ ಕೂತಲ್ಲೇ ಓಡಿ ಸುಸ್ತಾಗೋದು, ಶುದ್ಧ ಟೈಮ್ ವೇಸ್ಟ್" ಅನ್ನುತ್ತಿದ್ದ. ನವದಂಪತಿಗಳಿದ್ದರೆ, "ಮದುವೆಗೂ ಲೈಸೆನ್ಸ್ ಇರ್ಬೇಕು, ಐದೈದು ವರ್ಷಕ್ಕೆ ರಿನ್ಯೂ ಮಾಡಿಸ್ಬೇಕು, ಫೇಲಾದೋರು ಮನೆಗೆ." ನಿವೃತ್ತಿಯಾದವರಿಗೆ, "ಅರವತ್ತು ದಾಟಿದೋರಿಗೆ ವೋಟು ಯಾಕೆ? ಮುಂದಿನ ದಿನ ನೋಡೋರು ಹಾಕಲಿ." ಇಂಜಿನಿಯರುಗಳಿಗೆ, "ಮಂಗಳ ಗ್ರಹಕ್ಕೆ ಹೋಗೋದು ದಂಡ. ಅಲ್ಲಿ ಒಂದು ಟೀ ಅಂಗಡಿನೂ ಇಲ್ಲ." ಯಾರೂ ಬಗ್ಗದಿದ್ದರೆ ಕೊನೆಗೆ ಅನ್ಯಗ್ರಹದವರನ್ನು ಇಳಿಸುತ್ತಿದ್ದ: "ಅವರು ಬಂದಾಗಿದೆ, ಪಾರ್ಕಿಂಗ್ ಸಿಗದೆ ವಾಪಸ್ ಹೋದ್ರು." ಒಮ್ಮೆ ಒಬ್ಬ ಮೇಷ್ಟರಮ್ಮ ಸೊಪ್ಪಿನ ಚೀಲ ಹಿಡಿದು ಕತ್ತಲಲ್ಲಿ ನಿಂತು, ಭೂಮಿ ಚಪ್ಪಟೆಯಾಗಿರಬಹುದು ಎಂಬ ಅವನ ಅನುಮಾನವನ್ನು ಬಿಡಿಸಿ ಬಿಡಿಸಿ ತಿದ್ದಿದರು. ಮಾರನೇ ದಿನ ಅವನಿಗಾಗಿ ಚಿತ್ರವಿರುವ ಮಕ್ಕಳ ಪುಸ್ತಕವೊಂದನ್ನು ವಾಚ್‌ಮನ್ ಹತ್ತಿರ ಬಿಟ್ಟುಹೋದರು. ವಾಚ್‌ಮನ್‌ಗಳೆಲ್ಲ ಸೇರಿ ಅವನಿಗೆ ತಕರಾರು ಮೇಸ್ತ್ರಿ ಎಂದು ಹೆಸರಿಟ್ಟರು. ಕಂಪನಿಯ ಮ್ಯಾನೇಜರು ಒಮ್ಮೆ ಕರೆದು, "ಏನ್ರೀ, ನಿಮ್ಮ ವಿಚಾರಗಳ ಮೇಲೆ ಕಂಪ್ಲೇಂಟ್ ಬರ್ತಿದೆ" ಅಂದ. "ಚಕ್ರ ತಿರುಗಿಸಿದ್ದರ ಮೇಲೆ ಬಂದಿದೆಯಾ ಸಾರ್?" ಎಂದು ಇವನು ಕೇಳಿದ. ಇಲ್ಲ ಎಂದಾಯಿತು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಈ ಚಾಳಿ ಚಪ್ಪಲಿಗೆ ಅಂಟಿದ ಕೆಸರಿನ ಹಾಗೆ ಅವನ ಜೊತೆ ಮನೆಗೂ ಬಂತು. ಕಿಟಕಿಯ ಪರದೆಗೆ ಯಾವ ಬಣ್ಣ ಎಂದು ಹೆಂಡತಿ ಕೇಳಿದರೆ, ಪರದೆಯೇ ಬೇಡ, ಮುಚ್ಚಿಡುವಂಥದ್ದು ನಮ್ಮ ಮನೆಯಲ್ಲಿ ಏನಿದೆ ಅನ್ನುತ್ತಿದ್ದ. ಹೆಂಡತಿ ಗಟ್ಟಿಗಿತ್ತಿ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು ನೀಲಿ ಪರದೆ ತರುತ್ತಿದ್ದಳು. ಅವನ ನಿಜವಾದ ಅಭಿಪ್ರಾಯ ಏನು ಎಂದು ಯಾರಿಗೂ ಗೊತ್ತಾಗದ ಸ್ಥಿತಿ ಬಂತು. ಅವನಿಗಾದರೂ ಗೊತ್ತಿತ್ತೇ ಎಂದು ಕೇಳಿದರೆ ಹೇಳುವುದು ಕಷ್ಟ.

ಒಬ್ಬಳೇ ಮಗಳು. ಮನೆಯಲ್ಲಿ ಪುಟ್ಟಿ. ಓದು ಮುಗಿಸಿ ಕಂಪ್ಯೂಟರ್ ಗೇಮ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಗೇಮಿನೊಳಗಿನ ಕೋಣೆ, ಓಣಿ, ಬಾಗಿಲು, ಮೆಟ್ಟಿಲುಗಳನ್ನು ಬರೆಯುವುದು ಅವಳ ಪಾಲು. ಮೊದಲ ಸಲ ಕಥೆಯನ್ನೂ ಅವಳೇ ಕಟ್ಟಿದ ಒಂದು ಗೇಮ್ ತಯಾರಾಗುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಮುಂದೆ ಟ್ಯಾಬ್ಲೆಟ್ ಇಟ್ಟು, "ಆಡಿ ನೋಡಪ್ಪ" ಅಂದಳು. ಅವಳ ಮುಖದಲ್ಲಿ ನಗು ಇತ್ತು, ಆದರೆ ಕೈ ಮಾತ್ರ ಸೀರೆ ಅಂಗಡಿಯವರಂತೆ ಮೇಜನ್ನು ಸುಮ್ಮನೆ ಸವರುತ್ತಿತ್ತು.

ಗೇಮಿನಲ್ಲಿ ಆಕಾಶದಲ್ಲಿ ತೇಲುವ ಒಂದು ದೊಡ್ಡ ನಿಲ್ದಾಣ. ಒಳಗಿದ್ದ ಜನ ಎಲ್ಲ ಎಲ್ಲಿಗೋ ಹೋಗಿದ್ದಾರೆ. ಆಡುವವನು ಒಬ್ಬನೇ ಮಹಡಿಯಿಂದ ಮಹಡಿಗೆ ಹುಡುಕುತ್ತಾ ಹೋಗಬೇಕು. ಮಧ್ಯದಲ್ಲೊಂದು ಲಿಫ್ಟು. ಅದು ಗಕ್ಕನೆ ನಿಲ್ಲುತ್ತದೆ, ದೀಪ ಆರುತ್ತದೆ. ಆಗ ಮೇಲಿನಿಂದ ಒಂದು ದನಿ ಬರುತ್ತದೆ: "ನನ್ನ ಕೇಳಿದ್ರೆ, ಮಂಗಳ ಗ್ರಹಕ್ಕೆ ಹೋಗೋದು ದಂಡ. ಅಲ್ಲಿ ಒಂದು ಟೀ ಅಂಗಡಿನೂ ಇಲ್ಲ."

ಮೇಸ್ತ್ರಿಯ ಕಿವಿ ಬಿಸಿಯಾಯಿತು. ದನಿ ಬೇರೆ ಯಾರದೋ, ಮಾತು ಮಾತ್ರ ಅಕ್ಷರಕ್ಕೆ ಅಕ್ಷರ ತನ್ನದು. ಮದುವೆಯ ಲೈಸೆನ್ಸು ಬಂತು, ಪಾರ್ಕಿಂಗು ಬಂತು. ತನ್ನನ್ನು ಊರ ಮುಂದೆ ಕುಣಿಸಿದ್ದಾಳೆ ಅನ್ನಿಸಿತು ಅವನಿಗೆ. ಟ್ಯಾಬ್ಲೆಟ್ ಪಕ್ಕಕ್ಕಿಟ್ಟ.

"ಹೇಗಿದೆ?" ಮಗಳು ಕೇಳಿದಳು.

"ಗೇಮ್ ಅಂದ್ರೆ ಕೂತಲ್ಲೇ ಓಡಿ ಸುಸ್ತಾಗೋದು. ಟೈಮ್ ವೇಸ್ಟ್."

"ಇದು ನಿನ್ನ ಅಭಿಪ್ರಾಯನಾ, ಲಿಫ್ಟಿಂದಾ?"

"ನಂದೇ."

ಅವಳು ಟ್ಯಾಬ್ಲೆಟ್ ತೆಗೆದುಕೊಂಡು ಒಳಗೆ ಹೋದಳು. ಜಗಳವಾಡಲಿಲ್ಲ, ಅಳಲಿಲ್ಲ. ಮರುದಿನದಿಂದ ಅಪ್ಪನ ಜೊತೆ ತುಂಬ ಮರ್ಯಾದೆಯಿಂದ ಮಾತಾಡತೊಡಗಿದಳು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಹೊರಡ್ತೀನಿ. ಈ ಮರ್ಯಾದೆಗಿಂತ ನಾಲ್ಕು ಬೈಗುಳ ಬೈದಿದ್ದರೆ ವಾಸಿಯಿತ್ತು.

ವಾರದ ನಡುವೆ ಹೆಂಡತಿ ಬಟ್ಟೆ ಮಡಚುತ್ತಾ ವಿಷಯ ತೆಗೆದಳು. "ರೀ, ಆ ಲಿಫ್ಟಿನ ಭಾಗ ತೆಗೆದುಹಾಕ್ತಾಳಂತೆ. ಅಲ್ಲಿ ಆಟ ನಿಧಾನ ಆಗುತ್ತೆ ಅಂತ ಆಫೀಸಿನವ್ರು ಮೊದಲೇ ಹೇಳ್ತಿದ್ರಂತೆ. ಇವಳು ಜಗ್ಗಿರಲಿಲ್ಲ. ನಿಮ್ಮದೊಂದು ಮಾತಿಗೆ ಕಾದಿದ್ಲು. ಶುಕ್ರವಾರ ಕೊನೇ ದಿನವಂತೆ."

"ತೆಗೀಲಿ ಬಿಡು. ನನ್ನ ಗೇಲಿ ಮಾಡೋಕೆ ಅಷ್ಟು ಖರ್ಚು ಮಾಡಿದಾಳೆ."

"ಪೂರ್ತಿ ಆಡಿದ್ರಾ?"

"ಇಲ್ಲ."

"ಮತ್ತೆ?" ಅಂದಳು ಹೆಂಡತಿ. ಪ್ಯಾಂಟಿನ ಮಡಿಕೆಯನ್ನು ಅಂಗೈಯಿಂದ ಒತ್ತಿ, ತನ್ನ ಫೋನನ್ನು ಅದರ ಮೇಲೆ ಇಟ್ಟು, ಎರಡನ್ನೂ ಸೇರಿಸಿ ಅವನ ಕೈಗೆ ಕೊಟ್ಟಳು. ಗೇಮ್ ಅದರಲ್ಲಿತ್ತು.

ಮೇಸ್ತ್ರಿ ಅದನ್ನು ಕೆಲಸಕ್ಕೆ ಒಯ್ದ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೆಷಿನ್ ರೂಮಿನ ಮೂಲೆಯಲ್ಲಿ, ಎಣ್ಣೆ ಡಬ್ಬದ ಮೇಲೆ ಕೂತು ಆಡಿದ. ಆಡಲು ಬರಬೇಕಲ್ಲ! ಮೊದಲ ಬಾಗಿಲಲ್ಲೇ ಗಾಳಿ ಸಿಗದೆ ಸತ್ತ. ಎರಡನೇ ಸಲ ಗೋಡೆಗೆ ಢಿಕ್ಕಿ ಹೊಡೆದು ಅಲ್ಲೇ ತಿರುಗುತ್ತಾ ಉಳಿದ. ಅನ್ನ ಆರಿತು. ಕೊನೆಗೂ ಲಿಫ್ಟು ಸಿಕ್ಕಿ, ಅದು ನಿಂತು, ದನಿ ಶುರುವಾಯಿತು. ದನಿ ಹೇಳಿದ್ದಕ್ಕೆ ಎದುರಾಡುತ್ತಾ ಹೋದರೆ ಲಿಫ್ಟು ಚೂರುಚೂರೇ ಜರುಗುತ್ತದೆ. ಸುಮ್ಮನಿದ್ದರೆ ಕತ್ತಲೆ ಹಾಗೇ ಇರುತ್ತದೆ. ಮೇಸ್ತ್ರಿ ತನ್ನ ಜೊತೆ ತಾನೇ ವಾದಕ್ಕೆ ಬಿದ್ದ. ಎಂಥ ತಲೆಹರಟೆ ಇವನು ಎಂದು ರೇಗಿತು. ರೇಗಿದ ಮೇಲೆ, ಅರೆ, ಕತ್ತಲೆಯನ್ನು ಮರೆತೇಬಿಟ್ಟಿದ್ದೆನಲ್ಲ ಎಂದು ಅರಿವಾಯಿತು. ತನ್ನ ಔಷಧಿ ತನಗೇ ಕೆಲಸ ಮಾಡಿದ್ದು ಕಂಡು ಸ್ವಲ್ಪ ಹೆಮ್ಮೆಯೂ ಆಯಿತು.

ಆಮೇಲೆ ಬಾಗಿಲು ತೆರೆಯಿತು. ಹೊರಗೆ ಉದ್ದನೆಯ ಓಣಿ, ಬಿಳಿ ಬೆಳಕು. ಯಾರೂ ಇಲ್ಲ. ಗೋಡೆಯ ಹತ್ತಿರ ಒಂದು ರಿಪೇರಿ ಸಾಮಾನಿನ ಚೀಲ ಇದೆ. ಅದರ ಹಿಡಿ ಕಿತ್ತುಹೋಗಿದ್ದು ಕೆಂಪು ವೈರು ಸುತ್ತಿದ್ದಾರೆ. ಎಲ್ಲೋ ಮೇಲೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು, ಅದೂ ನಿಂತುಹೋಗುತ್ತದೆ. ಆಡುವವನು ಎಷ್ಟು ಹೊತ್ತು ಕಾದರೂ ಯಾರೂ ಬರುವುದಿಲ್ಲ. ಮೇಸ್ತ್ರಿ ಕಾದು ನೋಡಿದ.

ಅವನ ಕಾಲ ಬಳಿ ಅವನ ಚೀಲ ಇತ್ತು. ಹಿಡಿಗೆ ಕೆಂಪು ವೈರು.

ಪುಟ್ಟಿ ಎರಡನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಅವನ ಜೊತೆ ಕೆಲಸಕ್ಕೆ ಬಂದು ಲಿಫ್ಟಿನಲ್ಲಿ ಒಬ್ಬಳೇ ಸಿಕ್ಕಿಬಿದ್ದಿದ್ದಳು. ಅವನು ಮೇಲಿನಿಂದ ಅವಳಿಗೆ ಅನ್ಯಗ್ರಹದವರ ಪಾರ್ಕಿಂಗ್ ಸಮಸ್ಯೆಯನ್ನೆಲ್ಲ ಹೇಳಿ, ಬೈಸಿಕೊಂಡು, ಇಳಿಸಿದ್ದ. ಎಲ್ಲ ಸರಿಮಾಡಿ ಕೆಳಗೆ ಬಂದಾಗ ಅವಳು ವಾಚ್‌ಮನ್‌ನ ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕೂತಿದ್ದಳು. "ಭಯ ಆಯ್ತಾ?" ಅಂದರೆ ಇಲ್ಲ ಅಂದಿದ್ದಳು. ಮುಗಿಯಿತು ಎಂದುಕೊಂಡಿದ್ದ. ಮುಗಿದಿರಲಿಲ್ಲ ಎಂದು ಈಗ ತಿಳಿಯಿತು. ಎಣ್ಣೆ ಡಬ್ಬದ ಮೇಲೆ ಕೂತಿದ್ದ ಅವನಿಗೆ ತುಂಬ ದುಃಖವಾಯಿತು, ಊಟದ ಡಬ್ಬಿ ಮುಚ್ಚಿ ಹಾಗೇ ಮನೆಗೆ ತಂದ.

ಸಂಜೆ ಮಗಳು ಚಪ್ಪಲಿ ಬಿಡುತ್ತಿರುವಾಗಲೇ ಹೇಳಬೇಕೆಂದು ಎದುರಿಗೆ ಹೋಗಿ ನಿಂತ. "ಪುಟ್ಟಿ, ಆ ಗೇಮು..."

"ಬಿಡಪ್ಪ. ಅದು ಆಯ್ತು."

"ಅಲ್ಲ, ನಾನು ಹೇಳೋದು..." ಮಾತು ಗಂಟಲವರೆಗೂ ಬಂತು. ಅಷ್ಟರಲ್ಲಿ ಅಭ್ಯಾಸಬಲ ಅದನ್ನು ಪಕ್ಕಕ್ಕೆ ತಳ್ಳಿತು. "ಆಕಾಶದಲ್ಲಿ ಲಿಫ್ಟ್ ಯಾಕೆ? ಅಲ್ಲಿ ಮೇಲೆ ಕೆಳಗೆ ಅನ್ನೋದೇ ಇರಲ್ವಲ್ಲ."

ಮಗಳು, "ಸರಿ, ಅದೂ ಒಂದು ಕಾರಣ ಆಯ್ತು" ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಯನ್ನು ಬೇಕೆಂದೇ ಜೋರಾಗಿ ಇಟ್ಟಳು.

ಶುಕ್ರವಾರ ಬೆಳಿಗ್ಗೆ ಕಂಪನಿಯಿಂದ ಫೋನು ಬಂತು. ಒಂದು ಕಡೆ ಲಿಫ್ಟು ನಿಂತಿದೆ, ಆ ಕಟ್ಟಡ ಇನ್ನೊಬ್ಬ ಮೇಸ್ತ್ರಿಯ ಪಾಲಿನದು, ಅವನು ಬೇರೆಲ್ಲೋ ಇದ್ದಾನೆ, ನೀವೇ ಹೋಗಿ ಅಂದರು. ವಿಳಾಸ ಕೇಳಿದ್ದೇ ಮೇಸ್ತ್ರಿ ಚೀಲ ಎತ್ತಿಕೊಂಡು ಹೊರಟ. ಪುಟ್ಟಿಯ ಆಫೀಸು ಇರುವುದು ಅಲ್ಲೇ. ಗೇಟಿನಲ್ಲಿ ವಾಚ್‌ಮನ್, "ಒಬ್ರೇ ಹುಡುಗಿ ಇದಾರೆ, ಒಳಗಿಂದ ಸದ್ದೇ ಇಲ್ಲ" ಅಂದ. ಮೇಸ್ತ್ರಿ ಕೀಲಿಯನ್ನು ಅವನಿಗೆ ಕೊಟ್ಟು ಮೆಟ್ಟಿಲು ಹತ್ತಿದ. ಮೇನ್ ಸ್ವಿಚ್ ಆಫ್ ಮಾಡಿ, ಡಬ್ಬಿಯ ಗುಂಡಿ ಒತ್ತಿ, "ಒಳಗೆ ಯಾರಿದೀರಿ?" ಅಂದ.

"ನಾನೇ ಅಪ್ಪ."

ಮೇಸ್ತ್ರಿ ಬ್ರೇಕಿನ ಹಿಡಿ ಎತ್ತಿದ. ಬಾಯಿ ತಾನಾಗಿಯೇ ಶುರುಮಾಡಿತು. "ಈಗಿನ ಕಾಲದಲ್ಲಿ, ನನ್ನ ಕೇಳಿದ್ರೆ, ಮದುವೆಗೂ ಒಂದು ಲೈಸೆನ್ಸ್..."

"ಬೇಡಪ್ಪ. ಅದೆಲ್ಲ ನನಗೆ ಬಾಯಿಪಾಠ. ನನಗೇನೂ ಭಯ ಆಗ್ತಿಲ್ಲ. ನೀನು ಚಕ್ರ ತಿರುಗಿಸು."

ಅವನು ಚಕ್ರ ತಿರುಗಿಸಿದ. ಹಗ್ಗ ಕಿರ್ರೆಂದಿತು. ಅಷ್ಟು ವರ್ಷದಲ್ಲಿ ಮಾತಿಲ್ಲದೆ ಆ ಕೆಲಸ ಮಾಡಿದ್ದು ಅದೇ ಮೊದಲು. ಅಂಗೈ ಬೆವರಿ ಚಕ್ರ ಜಾರುತ್ತಿತ್ತು. ಕೆಳಗೆ ತೂಗುತ್ತಿರುವುದು ತನ್ನ ಮಗಳು ಎಂಬುದು ಬಿಟ್ಟು ಬೇರೇನೂ ತಲೆಗೆ ಬರುತ್ತಿರಲಿಲ್ಲ. ಇಷ್ಟು ದಿನ ಆ ಹರಟೆ ಒಳಗಿದ್ದವರಿಗೆ ಎಷ್ಟು ಬೇಕಾಗಿತ್ತೋ ತನಗೂ ಅಷ್ಟೇ ಬೇಕಾಗಿತ್ತು ಎಂದು ಅವನಿಗೆ ಗೊತ್ತಾಯಿತು. ಅವನು ಹೆದರಿದ್ದ.

"ತೆಗೆದುಹಾಕಿಬಿಟ್ಯಾ?" ಅಂದ.

"ಏನನ್ನ?"

"ಆ ಲಿಫ್ಟನ್ನ."

"ಅದಕ್ಕೇ ಹೋಗ್ತಿದ್ದೆ. ಸಿಕ್ಕಿಕೊಂಡೆ."

"ನಾನು ಆಡಿದೆ. ಪೂರ್ತಿ."

"ಯಾವಾಗ?"

"ಊಟದ ಹೊತ್ತಲ್ಲಿ. ಅಮ್ಮನ ಫೋನಲ್ಲಿ."

"ಅದಕ್ಕೇ ಮಧ್ಯಾಹ್ನ ಅಮ್ಮನ ಫೋನು ಸಿಕ್ಕಿರಲಿಲ್ಲ."

"ಅದ್ರಲ್ಲಿ ಬ್ರೇಕಿನ ಸದ್ದು ಸರಿಯಾಗಿದೆ. ಮೊದಲು ಕಟ್ ಅನ್ನುತ್ತೆ, ಆಮೇಲೆ ಹಗ್ಗ ಎಳೆಯುತ್ತೆ. ಅದು ಹಾಗೇ. ಆ ಮಾತಾಡೋನು ಮಾತ್ರ ದೊಡ್ಡ ತಲೆಹರಟೆ."

"ಗೊತ್ತು."

"ಬಾಗಿಲು ತೆಗೆದಾಗ ಹೊರಗೆ ಯಾರೂ ಇಲ್ಲ."

ಡಬ್ಬಿಯಲ್ಲಿ ಬರೀ ಗೊರಗೊರ ಸದ್ದು. ಆಮೇಲೆ ಅವಳು ಹೇಳಿದಳು. "ನಾನು ನೋಡಿದ್ದೇ ಹಾಗಪ್ಪ. ಅಷ್ಟೊತ್ತು ಮಾತಾಡ್ತಾ ಇದ್ದೋನು ಬಾಗಿಲ ಹತ್ರ ಇರ್ತಾನೆ ಅಂದ್ಕೊಂಡಿದ್ದೆ. ವಾಚ್‌ಮನ್ ಇದ್ದ. ಪಾಪ, ಒಳ್ಳೆಯವನೇ, ಬಿಸ್ಕೆಟ್ ಕೊಟ್ಟ."

ಮೇಸ್ತ್ರಿಯ ಕೈ ಚಕ್ರದ ಮೇಲೆ ನಿಂತಿತು. "ಅದನ್ನ ತೆಗೀಬೇಡ ಪುಟ್ಟಿ. ಚೆನ್ನಾಗಿದೆ."

"ಲಿಫ್ಟಲ್ಲಿ ಸಿಕ್ಕಿಕೊಂಡೋರಿಗೆ ನೀನು ಏನು ಬೇಕಾದ್ರೂ ಹೇಳ್ತೀಯಲ್ಲಪ್ಪ," ಅಂದಳು ಅವಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮೇಸ್ತ್ರಿ ಮತ್ತೆ ಚಕ್ರ ತಿರುಗಿಸಿದ. ಆ ಡಬ್ಬಿಯಲ್ಲಿ ಹಾದುಹೋದ ಮಾತು ಎಷ್ಟೇ ನಿಜವಾಗಿದ್ದರೂ ಕೆಳಗೆ ಮುಟ್ಟುವಾಗ ಹರಟೆಯೇ ಆಗಿರುತ್ತದೆ. ಹಳದಿ ಗುರುತು ಬಂದು ಕೂತಿತು. ಬ್ರೇಕ್ ಬಿಟ್ಟು, ಅದು ಕಚ್ಚಿಕೊಂಡಿತೇ ಎಂದು ಚಕ್ರವನ್ನು ಅಲುಗಿಸಿ ನೋಡಿದ. ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ಜೇಬಿಗಿಟ್ಟ. ಆಮೇಲೆ ಮೆಟ್ಟಿಲ ಕಂಬಿಯ ಮೇಲಿಂದ ಬಗ್ಗಿ ವಾಚ್‌ಮನ್‌ಗೆ ಕೂಗಿದ, "ಬಾಗಿಲು ತೆಗೀಬೇಡಿ. ನಾನೇ ಬರ್ತೀನಿ."

"ಸಮ ನಿಂತಿದೆಯಲ್ಲ ಮೇಸ್ತ್ರಿ?"

"ನಿಂತಿದೆ. ತೆಗೀಬೇಡಿ."

ಡಬ್ಬಿಗೆ, "ಪುಟ್ಟಿ, ಅಲ್ಲೇ ಇರು, ಬಂದೆ" ಅಂದ. ಅಲ್ಲೇ ಇರದೆ ಅವಳು ಇನ್ನೆಲ್ಲಿಗೆ ಹೋಗಬೇಕಿತ್ತು ಎಂಬುದು ಬೇರೆ ಮಾತು.

ಕಂಪನಿಯ ನಿಯಮದ ಪ್ರಕಾರ ಇದು ತಪ್ಪು. ಲಿಫ್ಟು ಸಮ ನಿಂತ ಮೇಲೂ ಒಳಗೇ ಇರಿಸಿದ್ದು ಅವನ ಇಡೀ ನೌಕರಿಯಲ್ಲಿ ಅವಳೊಬ್ಬಳನ್ನೇ. ಅವನು ಕಂಬಿ ಹಿಡಿದು ದಡದಡ ಇಳಿದ. ಮೊದಲ ತಿರುವಿನಲ್ಲೇ ಮೊಣಕಾಲು ತಕರಾರು ತೆಗೆಯಿತು, ಕೇಳಲಿಲ್ಲ. ವಾಚ್‌ಮನ್‌ನ ಕೈಯಿಂದ ಕೀಲಿ ಕಿತ್ತುಕೊಂಡು ತೂತಿಗೆ ಹಾಕಲು ಹೋದರೆ ಅವಸರಕ್ಕೆ ಅದು ಕೂರಲಿಲ್ಲ. ಎರಡನೇ ಸಲಕ್ಕೆ ಕೂತಿತು. ಬಾಗಿಲನ್ನು ಎರಡೂ ಕೈಯಿಂದ ಎಳೆದ.

ಅವಳು ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದಳು. ಬಾಗಿಲಲ್ಲಿ ನಿಂತವನು ಏದುಸಿರು ಬಿಡುತ್ತಾ, ಕೈಗಳನ್ನು ಮೊಣಕಾಲಿಗೆ ಊರಿ, ಮುಖವೆಲ್ಲ ಬೆವರಾಗಿ, ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಮಂಗಳ ಗ್ರಹ, ಮದುವೆ, ಮುದುಕರ ವೋಟು, ಒಂದಕ್ಕೂ ಅವನಲ್ಲಿ ಉಸಿರು ಉಳಿದಿರಲಿಲ್ಲ. ಇದ್ದದ್ದು ಒಂದೇ ಮಾತಿಗಾಗುವಷ್ಟು.

"ಚೆನ್ನಾಗಿದೆ," ಅಂದ.

ಅವಳು ತಕ್ಷಣ ಏಳಲಿಲ್ಲ. ಅವನನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು ಹೊರಗೆ ಬಂದು ಅವನ ತೋಳು ಹಿಡಿದಳು. "ಮೊದಲು ಉಸಿರಾಡಪ್ಪ," ಅಂದಳು. ವಾಚ್‌ಮನ್ ತನ್ನ ಸ್ಟೂಲು ತಂದಿಟ್ಟ. ಈ ಸಲ ಅದರ ಮೇಲೆ ಕೂತವನು ಮೇಸ್ತ್ರಿ.

ಲಿಫ್ಟಿನ ಭಾಗ ಗೇಮಿನಲ್ಲಿ ಉಳಿಯಿತು. ಆಟ ನಿಧಾನವಾಗುತ್ತದೆ ಎಂದು ಆಫೀಸಿನವರು ಈಗಲೂ ಹೇಳುತ್ತಾರಂತೆ. ಪುಟ್ಟಿ ಅದರಲ್ಲಿ ಒಂದೇ ಒಂದು ಬದಲಾವಣೆ ಮಾಡಿದಳು. ಈಗ ಬಾಗಿಲು ತೆರೆದರೆ ಓಣಿಯಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಕೈ ಮೊಣಕಾಲಿಗೆ ಊರಿ ಏದುಸಿರು ಬಿಡುತ್ತಿರುತ್ತಾನೆ. ಒಂದು ಮಾತೂ ಆಡುವುದಿಲ್ಲ. ಆಡುವವನು ಹೊರಗೆ ಬಂದು ಅವನ ಪಕ್ಕದಲ್ಲಿ ನಿಲ್ಲುವ ತನಕ ಅವನು ಅಲ್ಲಿಂದ ಕದಲುವುದಿಲ್ಲ.

ಮೊದಲ ಸಲ ಅದನ್ನು ನೋಡಿದಾಗ ಮೇಸ್ತ್ರಿ ಟ್ಯಾಬ್ಲೆಟನ್ನು ಕಣ್ಣಿಗೆ ಹತ್ತಿರ ಹಿಡಿದ. ಮಗಳು, ಹೆಂಡತಿ ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು, "ಅವನಿಗೆ ಹೊಟ್ಟೆ ಸ್ವಲ್ಪ ಜಾಸ್ತಿ ಆಯ್ತು" ಅಂದ.

"ಇದು ನಿನ್ನ ಅಭಿಪ್ರಾಯನಾ, ಲಿಫ್ಟಿಂದಾ?"

"ನಂದೇ."

"ಸರಿ, ನೋಡ್ತೀನಿ," ಅಂದಳು ಪುಟ್ಟಿ. ಹೊಟ್ಟೆಯನ್ನು ಅವಳು ಕಡಿಮೆ ಮಾಡಲಿಲ್ಲ.